ಈ ಸಲ ಊರು ಕೊಡಬೇಡ

ಸಿಂದಗಿ
ಶುಕ್ರವಾರ, ೨೩ ಮೇ ೨೦೨೫

ಪ್ರೀತಿಯ ಕೋಮಲಳಿಗೆ,

ಹೆಸರು ನೋಡಿ ನಗುತ್ತಿದ್ದೀಯೇನೋ. ಹುಟ್ಟಿದಾಗಿನಿಂದ ತಂಗಿ, ಬಾಳಿ, ನನ್ನವ್ವ ಎಂದೇ ಕರೆದವಳು ಕಾಗದದ ಮೇಲೆ ಮಾತ್ರ ಹೆಸರು ಹಿಡಿಯುತ್ತಾಳಲ್ಲ ಎಂದು. ನಕ್ಕುಬಿಡು. ಈ ಪತ್ರದಲ್ಲಿ ನಗುವುದಕ್ಕೆ ಹೆಚ್ಚೇನೂ ಇಲ್ಲ, ಮುಂದೆ ಓದಿದರೆ ನಿನಗೆ ಸಿಟ್ಟು ಬರುತ್ತದೆ.

ಫೋನು ಇರುವಾಗ ಪತ್ರ ಯಾಕೆ ಎಂದು ಕೇಳಬೇಡ. ಫೋನಿನಲ್ಲಿ ನಾನು ಹೇಗೆ ಎಂದು ನಿನಗೇ ಗೊತ್ತು. ಹೋದ ತಿಂಗಳು ನೀನು "ಬ..." ಎಂದು ತಡೆದು ನಿಂತದ್ದೇ ತಡ, ಬಸ್ಸು ತಪ್ಪಿತಾ, ಬ್ಯಾಗು ಮರೆತೆಯಾ, ಬಿಸಿಲು ಬಹಳ ಇದೆಯಾ ಎಂದು ನಾನೇ ಸಾಲುಸಾಲಾಗಿ ಕೇಳಿದೆ. ನೀನು ಸುಮ್ಮನೆ ಎಲ್ಲಾ ಕೇಳಿಸಿಕೊಂಡು, ಕೊನೆಗೆ "ಬಿಡವ್ವಾ" ಅಂದೆ. ಮೊದಲಿಗೆ ಹೇಳಬೇಕೆಂದಿದ್ದ ಮಾತೂ ಅದೇ ಎಂದು ಫೋನು ಇಟ್ಟಮೇಲೆ ಹೊಳೆಯಿತು. ಪತ್ರದಲ್ಲಾದರೆ ನಿನ್ನ ಮಾತಿನ ನಡುವೆ ನಾನು ಬಾಯಿ ಹಾಕಲು ಆಗುವುದಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಇನ್ನೂ ಸುತ್ತಿ ಬಳಸಿ ಬರೆದರೆ ಅಂಚೆ ಹೊತ್ತು ಮೀರುತ್ತದೆ.

ಮೊನ್ನೆ ಬುಧವಾರ ನೀನು ಫೋನು ಮಾಡಿ, ಬರುವ ಗುರುವಾರ ಶಾಲೆ ತೆರೆಯುವ ದಿನದ ಕಾರ್ಯಕ್ರಮದ ಪಟ್ಟಿಯಲ್ಲಿ ನಿನ್ನ ಹೆಸರಿಲ್ಲ ಎಂದು ಹೇಳಿದೆ. "ಮೊದ್ಲ ಇತ್ತವ್ವಾ, ಈಗ ಹೊಡದು ಹಾಕ್ಯಾರ. ನಾ ಏನ್ ತಪ್ಪು ಮಾಡೇನಿ ಗೊತ್ತಾಗವಲ್ದು" ಅಂದೆ. ನಿನ್ನ ದನಿ ಬಹಳ ಸಣ್ಣಗಾಗಿತ್ತು. ನಾನು ಹೊಸಬರಿಗೆ ಮೊದಲನೆಯ ವರ್ಷ ಅವಕಾಶ ಸಿಗುವುದಿಲ್ಲವಂತೆ, ಮುಂದಿನ ವರ್ಷ ಸಿಗುತ್ತದೆ ಬಿಡು ಎಂದೆ. ಅದು ಸುಳ್ಳು. ನಿನ್ನ ಹೆಸರು ಹೊಡೆಸಿದವಳು ನಾನು.

ಓದುವುದನ್ನು ನಿಲ್ಲಿಸಬೇಡ, ತಾಯಿ. ಪೂರ್ತಿ ಓದು.

ಎರಡು ವಾರದ ಹಿಂದೆ, ಮಂಗಳವಾರ, ಇಂಡಿಗೆ ಹೋಗಿ ಬರುತ್ತೇನೆ ಎಂದು ನಿನಗೂ ನಿಮ್ಮಪ್ಪನಿಗೂ ಹೇಳಿದ್ದೆನಲ್ಲ, ನಾನು ಇಂಡಿಗೆ ಹೋಗಲಿಲ್ಲ. ಬಾಗೇವಾಡಿಯಲ್ಲಿ ಬಸ್ಸು ಬದಲಿಸಿ ಮನಗೂಳಿಗೆ ಹೋದೆ. ನಿನ್ನ ಹೆಡ್ ಟೀಚರ್ ಮುಮ್ತಾಜ ಅವರ ಮನೆ ಮನಗೂಳಿಯಲ್ಲಿದೆ ಎಂದು ನೀನೇ ಒಮ್ಮೆ ಹೇಳಿದ್ದೆ. ಹಿಂದಿನ ದಿನವೇ ಒಂದು ಚೀಟಿ ಬರೆದು ಇಟ್ಟುಕೊಂಡಿದ್ದೆ. ಅವರು ಅಂಗಳದಲ್ಲಿ ಸಂಡಿಗೆ ಒಣಹಾಕುತ್ತಿದ್ದರು. ಕೂಡಿಸಿದರು, ನೀರು ಕೊಟ್ಟರು. ನಿಮ್ಮ ಶಾಲೆಗೆ ಹೊಸದಾಗಿ ಬಂದ ಟೀಚರ್ ನನ್ನ ಮಗಳು ಎಂದೆ. "ಭಾಳ ಸಂತೋಷ ಆತ್ರಿ. ಹೆಸರೇನ್ರಿ ಮಗಳ್ದು?" ಎಂದು ಕೇಳಿದರು. ನಾನು ಚೀಟಿ ಅವರ ಕೈಗೆ ಕೊಟ್ಟೆ.

ಅದರಲ್ಲಿ ಬರೆದದ್ದು ಇಷ್ಟೇ: ನನ್ನ ಮಗಳು ಕೋಮಲಳಿಗೆ ಮಾತು ತಡೆಯುತ್ತದೆ. ಮೊದಲ ದಿನವೇ ಊರ ಮಂದಿಯ ಮುಂದೆ ನಿಲ್ಲಿಸಬೇಡಿರಿ. ನಾನು ಹೇಳಿದೆನೆಂದು ಅವಳಿಗೆ ತಿಳಿಸಬೇಡಿರಿ.

ಅವರು ಎರಡು ಸಲ ಓದಿದರು. ಒಳ್ಳೆಯ ಹೆಣ್ಣುಮಗಳು, ಒಂದು ಕೆಟ್ಟ ಮಾತು ಆಡಲಿಲ್ಲ. "ಆತ್ರಿ, ಆ ದಿನ ಆಕಿನ್ನ ಹಾಜರಿ ಬರಿಯಾಕ ಕೂಡಸ್ತೇನಿ. ನೀವು ಚಿಂತಿ ಬಿಡ್ರಿ" ಎಂದರು. ಬರುವಾಗ ಸಂಡಿಗೆ ಕಟ್ಟಿಕೊಟ್ಟರು. ಇಂಡಿಯಿಂದ ತಂದೆ ಎಂದು ನಿಮ್ಮಪ್ಪನಿಗೆ ಅದನ್ನೇ ಕರಿದು ಹಾಕಿದೆ. ಆ ದಿನ ಬಸ್ಸಿನಲ್ಲಿ ಕುಳಿತಾಗ ಎದೆಯ ಮೇಲಿನ ಕಲ್ಲು ಇಳಿದಂತೆ ಆಗಿತ್ತು. ನಾಚಿಕೆಯಿಲ್ಲದೆ ಇದನ್ನೂ ಬರೆಯುತ್ತಿದ್ದೇನೆ.

ಯಾಕೆ ಹೀಗೆ ಮಾಡಿದೆ ಎಂದರೆ ಭಯ. ಯುಗಾದಿಯ ಮರುವಾರ ನಿನ್ನ ನೇಮಕದ ಆದೇಶ ಬಂತಲ್ಲ, ಅಂದಿನಿಂದ ನನಗೆ ಸರಿಯಾಗಿ ಊಟ ಸೇರುತ್ತಿಲ್ಲ. ಪರೀಕ್ಷೆಯನ್ನು ನೀನು ಬರೆದು ಪಾಸಾದೆ, ಅಲ್ಲಿ ಯಾರೂ ಬಾಯಿ ತೆರೆಯಲು ಹೇಳಲಿಲ್ಲ. ಶಾಲೆಯಲ್ಲಿ ಬಾಯಿ ತೆರೆಯದೆ ಆಗುತ್ತದೆಯೇ? ಮುದ್ದೇಬಿಹಾಳದಲ್ಲಿ ಡಿ.ಎಡ್ ಓದುವಾಗ ಪಾಠ ಹೇಳಲು ಹೋದ ಶಾಲೆಯ ಮಕ್ಕಳು ನಿನ್ನ ಮಾತು ಮುಗಿಯುವತನಕ ಸುಮ್ಮನೆ ಕಾಯುತ್ತಿದ್ದರು ಎಂದು ನೀನು ಹೇಳಿದ್ದೆ. ನಾನು ನಂಬಲಿಲ್ಲ. ನನಗೆ ಸಮಾಧಾನವಾಗಲಿ ಎಂದು ಹೇಳುತ್ತಿದ್ದೀಯ ಅಂದುಕೊಂಡೆ. ಆಮೇಲೆ ಶಾಲೆ ತೆರೆಯುವ ದಿನ ಮಕ್ಕಳಿಗೆ ಒಗಟು ಹಾಕುತ್ತೇನೆ ಎಂದು ಖುಷಿಯಲ್ಲಿ ಫೋನು ಮಾಡಿದೆ. ನೀನೇ ಕಟ್ಟಿದ ಒಗಟು ಕೇಳಿಸಿದೆ:

"ಎರಡ ತಿಂಗಳ ಬಾಯಿ ಮುಚ್ಚಿ ಕುಂತಾನ,
ಒಂದೇಟ ಬಿದ್ದರ ಊರ ಮಕ್ಕಳ್ನೆಲ್ಲಾ ಕರೀತಾನ."

ಸಾಲಿ ಗಂಟಿ ಎಂದು ನಾನು ಕೂಡಲೇ ಒಡೆದೆ. ಆದರೆ ಆ ಎರಡು ಸಾಲು ಹೇಳಲು ನಿನಗೆ ಎಷ್ಟು ಹೊತ್ತು ಹಿಡಿಯಿತು ಎಂಬುದಷ್ಟೇ ನನ್ನ ತಲೆಯಲ್ಲಿ ಉಳಿಯಿತು. ಪಾಲಕರು ಬಾಯಿಗೆ ಸೆರಗು ಹಿಡಿದು ನಗುವುದು, ಹಿಂದೆ ಕುಳಿತ ಹುಡುಗರು ನಿನ್ನ ಹಾಗೆ ತಡೆತಡೆದು ಅನ್ನುವುದು, ಇದೇ ಕಣ್ಣ ಮುಂದೆ. ಚೀಟಿ ಬರೆದದ್ದು ಆ ಮಧ್ಯಾಹ್ನವೇ.

ಒಗಟು ಎಂದರೆ ನಮ್ಮ ಮನೆಯಲ್ಲಿ ಏನು ಎಂದು ಮರೆತು ಬರೆದೆ ನೋಡು. ಸಾಲೋಟಗಿಯಲ್ಲಿ ನಿಮ್ಮಜ್ಜಿ, ನನ್ನ ಅವ್ವ ಹೊನ್ನವ್ವ, ಯುಗಾದಿ ಪಾಡ್ಯದ ದಿನ ಒಗಟು ಒಡೆಯದವರಿಗೆ ಬೆಲ್ಲದ ನೀರಿನ ಬೇವು ಕೊಡುತ್ತಿರಲಿಲ್ಲ. ವರ್ಷದ ಬಾಗಿಲು ಮಾತಿನಿಂದ ತೆರೆಯಬೇಕು ಎನ್ನುತ್ತಿದ್ದಳು. ಉತ್ತರ ಬಾರದಿದ್ದರೆ ಒಂದು ಊರು ಕೊಟ್ಟು ಸೋಲು ಒಪ್ಪಬೇಕು. ಊರು ಕೊಡುವತನಕ ಯಾರೂ ಉತ್ತರ ಹೇಳುವಂತಿಲ್ಲ, ಒಗಟು ಹಾಕಿದವಳು ಬೇವಿನ ಬಟ್ಟಲು ಹಿಡಿದುಕೊಂಡೇ ಕಾಯಬೇಕು. ಏಳು ವರ್ಷವಾಗುವುದರೊಳಗೆ ನೀನು ಇಂಡಿ ತಾಲೂಕು ಪೂರ್ತಿ ಅಜ್ಜಿಗೆ ಬರೆದುಕೊಟ್ಟು ಸಿಂದಗಿ ತಾಲೂಕಿಗೆ ಕೈ ಹಾಕಿದ್ದೆ.

ನಿನಗೆ ಎಂಟು ವರ್ಷವಿದ್ದಾಗಿನ ಪಾಡ್ಯ ನೀನು ಮರೆತಿಲ್ಲ, ನಾನೂ ಮರೆತಿಲ್ಲ. ಅಜ್ಜಿ, "ಮೈಯೆಲ್ಲಾ ಕಹಿ, ಮುಡಿತುಂಬ ಹೂವ, ವರ್ಷಕ್ಕೊಮ್ಮಿ ಬೆಲ್ಲದ ಮನಿಗೆ ಬೀಗತಿ" ಎಂದು ಕೇಳಿದಳು. ನಿನಗೆ ಉತ್ತರ ಗೊತ್ತಿತ್ತು. "ಬೇ... ಬೇ..." ಎನ್ನುತ್ತಿದ್ದೆ, ಕೊರಳಿನ ನರ ಉಬ್ಬಿತ್ತು. ನಿನ್ನ ಚಿಕ್ಕಮ್ಮನ ಮಕ್ಕಳು ಮುಸಿಮುಸಿ ನಗಲು ಶುರುಮಾಡಿದರು. ನಾನು ತಡೆಯಲಾರದೆ "ಬೇವು" ಎಂದುಬಿಟ್ಟೆ. ಅಜ್ಜಿ ಬಟ್ಟಲು ಕೆಳಗಿಟ್ಟಳು. "ಆಕಿ ಬಾಯಾಗಿನ ಮಾತು ನೀ ಕಸಗೊಂಡಿ. ಈಗ ಊರು ನೀ ಕೊಡು" ಎಂದಳು. ನಾನು ನಗೆಯಲ್ಲಿ ಹಾರಿಸಲು ನೋಡಿ, ಬಾಯಿಗೆ ಬಂದ ನಿಡಗುಂದಿ ಕೊಟ್ಟೆ. ನೀನು ಆ ವರ್ಷ ಬೇವು ಕುಡಿಯಲಿಲ್ಲ. ನಾಲ್ಕು ದಿನ ಮಾತೂ ಆಡಲಿಲ್ಲ.

ಆದೇಶದಲ್ಲಿ ನಿಡಗುಂದಿ ಎಂದು ಇದ್ದದ್ದನ್ನು ಮತ್ತೆ ಮತ್ತೆ ಓದಿದೆ. ನಾನು ಸೋತು ಕೊಟ್ಟ ಊರಿಗೇ ನೀನು ಹೊರಟಿದ್ದೆ.

ಮರುವರ್ಷದ ಪಾಡ್ಯವೂ ಇದೆ, ಅದನ್ನು ನಾನು ನೆನೆಸುವುದು ಕಡಿಮೆ. ಅಜ್ಜಿ ಹೇಳಿದ್ದು ಇದು:

"ವರ್ಷೆಲ್ಲಾ ಮೂಕಿ,
ಮಾವು ಚಿಗತರ ಮಾತಗಾರ್ತಿ."

ನೀನು ಎಷ್ಟು ಹೊತ್ತು ತೆಗೆದುಕೊಂಡೆಯೆಂದರೆ ಬಟ್ಟಲಿನ ಬೇವಿನ ಹೂವೆಲ್ಲ ತಳಕ್ಕೆ ಇಳಿದಿತ್ತು. ಅಜ್ಜಿ ಕೈ ಬದಲಿಸಿದಳು, ಆದರೂ ಬಟ್ಟಲು ಇಳಿಸಲಿಲ್ಲ. ನಾನು ಬಾಯಿ ತೆರೆದರೆ ಕಣ್ಣಿನಲ್ಲೇ ಗದರುತ್ತಿದ್ದಳು. ನಾನು ಕೂರಲಾರದೆ ಎದ್ದು ಹಿತ್ತಲಿಗೆ ಹೋದೆ. ಅಲ್ಲಿ ನಿಂತಾಗ ನಿನ್ನ ದನಿ ಕೇಳಿತು, ಕೋಗಿಲಿ ಎಂದು, ಪೂರ್ತಿ, ಒಂದೇ ಉಸಿರಿನಲ್ಲಿ. ಅಜ್ಜಿ "ಹಾಂ, ನನ್ನ ಬಂಗಾರಾ!" ಎಂದು ಕೂಗಿದಳು. ನಾನು ಒಳಗೆ ಬಂದಾಗ ನೀನು ಬೇವಿನ ಮೀಸೆ ಮಾಡಿಕೊಂಡು ಕುಳಿತಿದ್ದೆ. ಎಲ್ಲಿ ಹೋಗಿದ್ದೆ ಎಂದು ನೀನು ಕೇಳಿದೆ. ಎಮ್ಮೆಗೆ ಮೇವು ಹಾಕಲು ಎಂದೆ ನಾನು.

ಬುಧವಾರ ನಿನ್ನ ಫೋನು ಬಂದಮೇಲೆ ಇದೆಲ್ಲ ಮತ್ತೆ ಎದ್ದು ಕುಳಿತಿದೆ. ಹೊಲಿಗೆ ಮಷೀನಿನ ಮುಂದೆ ಕುಳಿತರೆ ಕುಪ್ಪಸದ ತೋಳು ತಿರುವುಮುರುವಾಗುತ್ತದೆ, ಎರಡನ್ನು ಬಿಚ್ಚಿ ಹೊಲಿದೆ. ಅಂದು ನಿನ್ನ ಬಾಯಿಂದ ಒಂದು ಮಾತು ಕಸಿದೆ, ಈ ಸಲ ಒಂದು ದಿನವನ್ನೇ ಕಸಿದೆ. ಶಾಲೆಯ ಮೊದಲನೆಯ ದಿನ ಸುಮ್ಮನೆ ಮೂಲೆಯಲ್ಲಿ ಹಾಜರಿ ಬರೆದವಳನ್ನು ಆ ಮಕ್ಕಳು ವರ್ಷಪೂರ್ತಿ ಹಾಗೆಯೇ ನೋಡುತ್ತಾರೆ. ಮುಂದಿನ ಸಲ, ಮುಂದಿನ ಸಲ ಎನ್ನುತ್ತ ನೀನೂ ಅಲ್ಲಿಯೇ ಕುಳಿತುಬಿಟ್ಟರೆ ಏನು ಗತಿ? ಹಾಗೆ ಕುಳಿತುಬಿಟ್ಟವರನ್ನು ನಾನು ಬಲ್ಲೆ.

ನಿನ್ನೆ ಮುಮ್ತಾಜ ಟೀಚರಿಗೆ ಫೋನು ಮಾಡಿದೆ. ಅವರು "ಯಾರ್ರಿ? ಯಾರ ತಾಯಿ ಮಾತಾಡ್ತೀರಿ?" ಎಂದರು. ನಾನು ಇಟ್ಟುಬಿಟ್ಟೆ. ಅವರು ತಿರುಗಿ ಎರಡು ಸಲ ಮಾಡಿದರು, ನಾನು ತೆಗೆಯಲಿಲ್ಲ.

ಅದಕ್ಕೇ ಇದರ ಜೊತೆ ಇನ್ನೊಂದು ಚೀಟಿ ಇಟ್ಟಿದ್ದೇನೆ. ಮೊದಲು ಬರೆದದ್ದು ತಾಯಿಯ ಭಯ, ಮಗಳು ಕೇಳಿದ್ದಲ್ಲ, ಅವಳ ಹೆಸರು ಮತ್ತೆ ಪಟ್ಟಿಗೆ ಸೇರಿಸಿರಿ ಎಂದು ಬರೆದಿದ್ದೇನೆ. ಅದನ್ನು ಟೀಚರಿಗೆ ಕೊಡುವುದು, ಹರಿದು ಹಾಕುವುದು ನಿನಗೆ ಬಿಟ್ಟದ್ದು. ನನ್ನ ಮೇಲೆ ಎಷ್ಟು ಬೇಕಾದರೂ ಸಿಟ್ಟು ಮಾಡು. ಆದರೆ ನನ್ನ ಮೇಲಿನ ಸಿಟ್ಟಿಗೆ ಆ ದಿನವನ್ನು ಬಿಡಬೇಡ. ಪತ್ರ ಸೋಮವಾರ ಮುಟ್ಟಿದರೆ ಪುಣ್ಯ, ಮಂಗಳವಾರವಾದರೂ ನಡೆಯುತ್ತದೆ. ಗುರುವಾರ ಆದಮೇಲೆ ಮುಟ್ಟಿದರೆ ಏನು ಮಾಡಲಿ ಎಂದು ಯೋಚಿಸಿ ಯೋಚಿಸಿ ತಲೆ ಕೆಟ್ಟಿದೆ.

ಒಂದನೆಯ ತರಗತಿಗೆ ಅಳುತ್ತ ಬರುವ ಕೂಸುಗಳಿಗೆ ನನ್ನದೂ ಒಂದು ಒಗಟು ಇಟ್ಟುಕೋ. ಬೆಳಿಗ್ಗೆ ರೊಟ್ಟಿ ಬಡಿಯುವಾಗ ಕಟ್ಟಿದೆ:

"ಮೊದಲನೇ ದಿನ ಅಳಕೋತ ಒಳಗ ಬರ್ತಾರ,
ಕಡೀ ದಿನ ಅಳಕೋತ ಹೊರಗ ಹೋಗ್ತಾರ."

ಗುರುವಾರ ನೀನು ನಿಲ್ಲುವ ಜಾಗದಲ್ಲೇ ಇದಕ್ಕೆ ಉತ್ತರವಿದೆ. ನಾನು ಹೇಳುವುದಿಲ್ಲ. ಯಾವ ಕೂಸಾದರೂ ತಡವರಿಸಿದರೆ ನೀನೂ ಹೇಳಿಕೊಡಬೇಡ, ಕಾಯಿ. ನೀನು ಕಾಯುತ್ತೀಯ ಎಂದು ನನಗೆ ಗೊತ್ತು. ನಮ್ಮ ಮನೆಯಲ್ಲಿ ಅಜ್ಜಿಯ ನಂತರ ಅದು ಬರುವುದು ನಿನಗೊಬ್ಬಳಿಗೇ.

ನಿಮ್ಮಪ್ಪ ಬಸ್ ಡಿಪೋದಿಂದ ಬರುವ ಹೊತ್ತಾಯಿತು. ಅವರಿಗೆ ಇದು ಯಾವುದೂ ಗೊತ್ತಿಲ್ಲ. ಬಿಸಿಲಲ್ಲಿ ತಲೆಯ ಮೇಲೆ ಸೆರಗಿಲ್ಲದೆ ತಿರುಗಬೇಡ. ಹೊತ್ತಿಗೆ ಸರಿಯಾಗಿ ಉಣ್ಣು.

ಕಾಯುವುದನ್ನು ಈಗ ಕಲಿಯಲು ಹೊರಟಿರುವ
ನಿನ್ನ ಅವ್ವ,
ಸುನಂದಾ

ತಾಜಾ ಕಲಂ: ಲಕೋಟೆಗೆ ಅಂಟು ಹಚ್ಚಿದವಳು ಮತ್ತೆ ಬಿಚ್ಚಿದೆ. ಎಲ್ಲಾ ಬರೆದು ಒಂದನ್ನು ಮುಚ್ಚಿಟ್ಟರೆ ಈ ಪತ್ರವೂ ಸುಳ್ಳಾಗುತ್ತದೆ.

ಕೋಗಿಲೆಯ ಒಗಟನ್ನು ಅಜ್ಜಿ ನಿನಗಿಂತ ಮೊದಲು ನನಗೆ ಹಾಕಿದ್ದಳು. ಆಗ ನನಗೂ ಒಂಬತ್ತು ವರ್ಷ. ಉತ್ತರ ಗೊತ್ತಿತ್ತು, ಬಾಯಿಗೆ ಬರಲಿಲ್ಲ. ಕೊನೆಗೆ ಸಾಲೋಟಗಿಯನ್ನೇ, ನನ್ನ ಹುಟ್ಟಿದ ಊರನ್ನೇ, ಕೊಟ್ಟು ಎದ್ದು ಹೋದೆ. ಯಾರೂ ನಡುವೆ ಮಾತು ಮುಗಿಸಿಕೊಡಬಾರದು ಎಂಬ ನಿಯಮವನ್ನು ಅವ್ವ ಮಾಡಿದ್ದು ಆಮೇಲೆ, ನನ್ನ ಸಲುವಾಗಿ. ಮಾತು ತಡೆಯುತ್ತಿದ್ದದ್ದು ನನಗೆ, ತಂಗಿ. ಈಗಲೂ ತಡೆಯುತ್ತದೆ. ಕ ಬಂದಲ್ಲಿ ಬೇರೆ ಮಾತು ಹುಡುಕಿ ಜಾರಿಕೊಳ್ಳುವುದನ್ನು ಕಲಿತೆ, ನಿಮ್ಮಪ್ಪನಿಗೂ ಇಷ್ಟು ವರ್ಷದಲ್ಲಿ ಗೊತ್ತಾಗಿಲ್ಲ. ನೀನು ತಡೆದು ನಿಂತಾಗಲೆಲ್ಲ ನನಗೆ ನನ್ನದೇ ಗಂಟಲು ಕಟ್ಟುತ್ತಿತ್ತು, ಅದಕ್ಕೇ ಅವಸರದಿಂದ ನಡುವೆ ಬಾಯಿ ಹಾಕುತ್ತಿದ್ದೆ. ತೊಟ್ಟಿಲ ಶಾಸ್ತ್ರದ ದಿನ ನಿನ್ನ ಸೋದರತ್ತೆ ಕೋಮಲ ಎಂದು ನಿನ್ನ ಕಿವಿಯಲ್ಲಿ ಕೂಗಿದಾಗ ಎಲ್ಲರೂ ನಕ್ಕರು, ನಾನು ಅತ್ತುಬಿಟ್ಟೆ. "ಒಮ್ಮೆರ ನನ್ನ ಹೆಸರು ಹಿಡದು ಕರಿಯವ್ವಾ" ಎಂದು ಹತ್ತನೆಯ ತರಗತಿಯಲ್ಲಿ ನೀನು ಮುನಿಸಿಕೊಂಡಿದ್ದೆಯಲ್ಲ, ಅದಕ್ಕೆ ಉತ್ತರ ಇದು. ಮುಮ್ತಾಜ ಟೀಚರ ಫೋನು ನಾನು ಇಟ್ಟದ್ದೂ ಇದಕ್ಕೇ.

ಗುರುವಾರ ಮುಂಜಾನೆಯ ಬಸ್ಸಿಗೆ ನಾನು ನಿಡಗುಂದಿಗೆ ಬರುತ್ತೇನೆ. ಪಾಲಕರ ನಡುವೆ ಕುಳಿತಿರುತ್ತೇನೆ. ಪಟ್ಟಿ ಓದುವಾಗ ನಿನ್ನ ಹೆಸರು ಬಾರದಿದ್ದರೆ ನಾನೇ ಎದ್ದು ನಿಂತು ಕರೆಯುತ್ತೇನೆ. ಬಹಳ ಹೊತ್ತು ಹಿಡಿಯಬಹುದು, ಮಂದಿ ನಗಬಹುದು. ನೀನು ಮಾತ್ರ ನಡುವೆ ಎದ್ದು ಬರಬೇಡ. ನಾನು ಪೂರ್ತಿ ಹೇಳುವತನಕ ಕಾಯಿ.