ಮ್ಯೂಟ್ ಒತ್ತಿದವನು

ಮಂಗಳವಾರ, ಆಗಸ್ಟ್ 12

ಲ್ಯಾಬ್‌ನಲ್ಲಿ ಪಾಠದ ವಿಡಿಯೊ ಜೋರಾಗಿ, ಪರದೆ ಓದಿ ಹೇಳುವ ನನ್ನ ಸ್ಕ್ರೀನ್ ರೀಡರ್ ಕೇಳಿಸಲೇ ಇಲ್ಲ. ವಾಲ್ಯೂಮ್ ಏರಿಸಿದರೆ ಎರಡೂ ಒಟ್ಟಿಗೆ ಅರಚಿದವು. ಪಕ್ಕದಲ್ಲಿದ್ದ ಬೇತಮಂಗಲದ ವೆಂಕಿ, "ಮುಚ್ಲಾ ಅದ್ನ!" ಎಂದು ನನ್ನ ಕೀಬೋರ್ಡ್‌ನ ಮ್ಯೂಟ್ ಒತ್ತಿಬಿಟ್ಟ. ಕಣ್ಣು ಕಾಣದ ನನಗೆ ಕಂಪ್ಯೂಟರೇ ಇಲ್ಲವಾಯಿತು. ತಡಕಾಡಿ ಅವನ ಮಾನಿಟರ್ ಆರಿಸಿದೆ.

"ಲೇ, ಏನೂ ಕಾಣ್ತಿಲ್ಲ ಕಣ್ಲಾ!"

"ನನ್ಗೂ ಅಂಗೇ ಆಗಿರೋದು."

ತೆಪ್ಪಗೆ ಮ್ಯೂಟ್ ತೆಗೆದ.

ಪಾಠ ಮಾಡುವ ಸೆಲ್ವರಾಜ್ ಸರ್, "ನಾಳೆ ಟೆಸ್ಟ್‌ಗೆ ಓದಿ ಹೇಳೋಕೆ ನಿನ್ನ ಪಕ್ಕ ಯಾರನ್ನಾದ್ರೂ ಕೂರಿಸ್ತೀನಪ್ಪ" ಎಂದರು.

"ಐ ವಿಲ್ ಮ್ಯಾನೇಜ್, ಸರ್."

ಸೌಂಡ್ ಸೆಟ್ಟಿಂಗ್‌ನಲ್ಲಿ ವಿಡಿಯೊ ದನಿಯನ್ನಷ್ಟೇ ಇಳಿಸಿದೆ. ಎರಡೂ ಬೇರೆಬೇರೆಯಾಗಿ ಕೇಳಿದವು. ನಾಳೆ ಟೆಸ್ಟನ್ನೂ ಸ್ಕ್ರೀನ್ ರೀಡರ್ ಕೇಳಿಕೊಂಡೇ ಮಾಡುತ್ತೇನೆ. ತಪ್ಪಾದರೆ ಅದು ನನ್ನ ತಪ್ಪೇ ಆಗಲಿ. ಭಯವಿದೆ. ಆದರೂ ನನ್ನ ಪಕ್ಕದಲ್ಲಿ ಇನ್ನೊಂದು ಕುರ್ಚಿ ಹಾಕಲು ಬಿಡುವುದಿಲ್ಲ.