ಕಾನೂನಿನಾಗ ಸೇರಿದ ಶೇಂಗಾಪುಡಿ

ನೈರೋಬಿ, ಗುರುವಾರ

ಅವ್ವಾ,

ಆರಾಮದೀನಿ, ನೆಗಡಿ ಹೋತು. ಇಲ್ಲಿ ನಾಕಾರು ದೇಶದ ಕಂಪನಿ ಕಾನೂನನ್ನ ಎಲ್ಲಾರಿಗೂ ಕೂಡಿದ ಒಂದು ನಿಯಮಕ್ಕ ಹೊಂದಿಸಾಕ ಕುಂತೀವಿ. ಡೈರೆಕ್ಟರು ಉಡುಗೊರೆ ತಗೊಂಡ್ರ ಕೆಲವು ದೇಶದಾಗ ನಡೀತೈತಿ, ಕೂಡಿದ ನಿಯಮದಾಗ ತಪ್ಪು. ಮುಂಜಾನಿಂದ ಅದಕ್ಕ ಜಗಳ.

ಊಟಕ್ಕ ಕುಂತಾಗ ಎದುರಿಗಿದ್ದೋರಿಗೆ ಕೊಡದ ತಿನ್ನೋದು ನಮಗ ಗೊತ್ತೈತೇನು? ನಿನ್ನ ಶೇಂಗಾಪುಡಿ ಎಲ್ಲಾರ ತಾಟಿಗೂ ಹಾಕಿದೆ. ಆಮ್ಯಾಲ ನೆನಪಾತು, ಅವರೆಲ್ಲ ಡೈರೆಕ್ಟರುಗಳ! ಸಭಾದ ಅಧ್ಯಕ್ಷರಮ್ಮ ಬೆರಳು ನೆಕ್ಕಿ, "ಕುಂತಲ್ಲೇ ಹಂಚಿಕೊಂಡು ತಿಂದದ್ದು ಉಡುಗೊರೆ ಅಲ್ಲ, ಹಂಗಂತ ನಿಯಮದಾಗ ಸೇರಿಸ್ರಿ" ಅಂದ್ರು. ಎಲ್ಲಾರೂ ನಕ್ಕೋಂತ ಕೈ ಎತ್ತಿದ್ರು.

ಪುಡಿ ಖಾಲಿ. ಪಾರ್ಸಲ್ ಮಾಡಬ್ಯಾಡ, ಅದು ಉಡುಗೊರೆ ಆಗ್ತೈತಿ! ನಮ್ಮೂರು ಗುಡೇಕೋಟ್ಯಾಗ ಕೇಳ್ದಂಗ ಯಾವ ಕೇರಿ ಪುಡಿ ಅಂತ ಇಲ್ಲಿ ಒಬ್ರೂ ಕೇಳಲಿಲ್ಲವ್ವಾ. ಬರೀ ಇನ್ನಷ್ಟು ಕೇಳಿದ್ರು.

ನಿನ್ನ ಕ್ರಾಂತಿ