ಬೆಟ್ಟದ ಬೂದಿ

ಕುಬಿಹಾಳ, ಗುರುವಾರ

ಅಮೃತಾ,

‘ನಾ ಇಲ್ಲಂದ್ರ ವಿಭೂತಿನೂ ಮರೀತೀರಿ ನೀವು’ ಅಂತ, ತಂಬೂರಿನ ನಿನ್ನ ತವರುಮನೆಗೆ ಹೊರಟ ದಿನ ಅಂದಿದ್ದೆಯಲ್ಲ, ಹಾಗೇ ಆಯಿತು. ಗೆಳೆಯ ಈರೇಶನ ಜೊತೆ ಮೂರು ದಿನ ಇಂಡೋನೇಷ್ಯಾದ ಬಾಲಿ ದ್ವೀಪಕ್ಕೆ ಹೋಗಿದ್ದೆ. ಅಲ್ಲಿ ಜ್ವಾಲಾಮುಖಿ ಬೆಟ್ಟ ಹತ್ತಿದೆವು. ತುದಿಯಲ್ಲಿ ಸೂರ್ಯ ಮೂಡಿದಾಗ, ನನ್ನ ಹಣೆ ಎಷ್ಟು ದಿನದಿಂದ ಬರಿದಾಗಿದೆಯೋ ಎನಿಸಿ, ಕಾಲಡಿಯ ಬೂದಿಯನ್ನೇ ತೆಗೆದು ಮೂರು ಬೆರಳಿನಿಂದ ಎಳೆದುಕೊಂಡೆ. ಚರ್ಮ ತರಚಿತು.

‘ಲೇ, ಅದೇನ್ ಸಗಣಿ ಸುಟ್ಟ ಬೂದಿ ಏನೋ? ಕಲ್ಲಿನ ಪುಡಿ! ಅಮೃತಾ ವೈನಿ ಬಂದಿದ್ರ ಹಿಂಗ ಆಗ್ತಿದ್ದಿಲ್ಲ’ ಎಂದು ಈರೇಶ ನಕ್ಕ. ನಾನೂ ನಕ್ಕೆ.

ಮೂರು ಗೆರೆಗಳು ಇನ್ನೂ ಉರಿಯುತ್ತಿವೆ. ಮನೆಗೆ ಬಂದು ಹುಡುಕಿದಾಗ ಮುಲಾಮು ಸಿಕ್ಕಿತು. ದಿನಾ ನೀನು ನನ್ನ ಮುಂದೆ ಹಿಡಿಯುತ್ತಿದ್ದ ವಿಭೂತಿಯ ಡಬ್ಬಿ ಮಾತ್ರ ದೇವರ ಮನೆಯಲ್ಲಿಲ್ಲ. ಅದನ್ನು ನೀನೇ ಒಯ್ದೆಯಾ, ಇಲ್ಲಾ ನಾನಿನ್ನೂ ಹುಡುಕದ ಜಾಗದಲ್ಲಿ ನನಗಾಗಿ ಇಟ್ಟು ಹೋದೆಯಾ?

ಶಂಭುಲಿಂಗಪ್ಪ